ಜೋಡಿಯಿಲ್ಲದ ಮೂರು ಮೊಗ್ಗು

ವಿನುತಾ ಮಲ್ಲಿಗೆ ಮೊಗ್ಗುಗಳನ್ನು ಎರಡೆರಡಾಗಿ ಜೋಡಿಸಿ ಬಾಳೆನಾರಿನಲ್ಲಿ ಕಟ್ಟುತ್ತಿದ್ದಳು. ಪಕ್ಕದಲ್ಲಿ ತಂಗಿ ಕಲ್ಪನಾ ಕಾಲೇಜಿನ ಪಾಠ ಉರು ಹೊಡೆಯುತ್ತಿದ್ದಳು. "ನೈಟ್ರೋಜನ್ನಿನ ಹೊರಕವಚದಲ್ಲಿ ಐದು ಎಲೆಕ್ಟ್ರಾನ್, ಹಾಗಾಗಿ ಐದು ಬಂಧ."

"ಐದಲ್ಲ, ಮೂರು."

"ನಿಂಗೆಂತ ಗೊತ್ತು ಅಕ್ಕ? ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವಳು."

ವಿನುತಾ ಚಾಪೆಯ ಮೇಲೆ ಐದು ಮೊಗ್ಗು ಇಟ್ಟು, ಎರಡನ್ನು ಒತ್ತಿಗೆ ಸರಿಸಿದಳು. "ಎರಡು ಮೊದಲೇ ಜೋಡಿ ಅಂತ ನಿನ್ನೆ ನೀನೇ ಓದಿದ್ಯಲ್ಲ. ಒಂಟಿ ಇದ್ದದ್ದು ಮೂರೇ. ಹೊರಗಿನ ಜೋಡಿ ಬೇಕಾದ್ದು ಅವಕ್ಕೆ."

ಕಲ್ಪನಾ ಪುಸ್ತಕ ತಿರುವಿ ನೋಡಿ, ಮೂರು ಬಂಧ ಎಂದು ತಿದ್ದಿಕೊಂಡಳು. ವಿನುತಾ ಮತ್ತೆ ನಾರು ಎತ್ತಿಕೊಂಡಳು. ಎರಡು ಸಲ ಹಾಕಿದರೂ ಗಂಟು ನಿಲ್ಲಲಿಲ್ಲ. ಭಟ್ಕಳದ ಬಸ್ಸಿಗೆ ಹೊತ್ತಾಯಿತೆಂದು ಅಪ್ಪ ಸೋಮಯ್ಯ ಮಾಲೆಗಳನ್ನು ಬಾಳೆಎಲೆಯಲ್ಲಿ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ.

"ಅಪ್ಪಾ, ಈ ಸಲ ನನ್ನ ಹತ್ತನೇ ಪರೀಕ್ಷೆಗೆ ಕಟ್ಟಿಸು."

ಅವನು ಇನ್ನೊಂದು ಎಲೆ ಎತ್ತಿಕೊಂಡ.