ಸದ್ದು ಹೋದ ಊರು

ಆ ಕಾಲದಲ್ಲಿ ರೇಡಿಯೋ ಪ್ರಸಾರ ತಲುಪುವಷ್ಟು ದೂರ ಮಾತ್ರ ಊರಿನಲ್ಲಿ ಸದ್ದಿರುತ್ತಿತ್ತು. ಟ್ರಾನ್ಸ್‌ಮಿಟರ್ ಕೆಟ್ಟರೆ ಊರಿಗೆ ಊರೇ ಮೂಕವಾಗುತ್ತಿತ್ತು. ಹಾಗೆ ಕೆಟ್ಟಾಗ ಓಡಿಬರುವ ಎಂಜಿನಿಯರ್ ವಾರಿಜಾ.

ಆ ದಿನ ನಿಲಯದ ಬಾಗಿಲಲ್ಲೇ ಉದ್ಘೋಷಕಿ ಗೌರವ್ವ ಸ್ಲೇಟು ಹಿಡಿದು ನಿಂತಿದ್ದಳು. "ದವಾಖಾನ್ಯಾಗ ಮಗಳಿಗೆ ಬ್ಯಾನಿ ಎದ್ದಾವ. ಕೂಸಿನ ಎದಿಬಡಿತ ಡಾಕ್ಟ್ರಿಗೆ ಕೇಳವಲ್ದು" ಎಂದು ಬರೆದಿತ್ತು.

ವಾರಿಜಾ ಸುಟ್ಟ ಭಾಗವನ್ನು ಬದಲಿಸಿ ಸ್ವಿಚ್ ಒತ್ತಿದಳು. ಫ್ಯಾನಿನ ಗರಗರ ಕೇಳಿತು.

"ಬಂತ್ರೀ ಮೇಡಂ!" ಎಂದಳು ಗೌರವ್ವ. ಅಷ್ಟರಲ್ಲಿ ಆಸ್ಪತ್ರೆಯಿಂದ ಅಳಿಯನ ಮೆಸೇಜು ಬಂತು: "ಇಲ್ಲಿ ಇನ್ನೂ ಏನೂ ಕೇಳವಲ್ದು ಅತ್ತಿ."

ವಾರಿಜಾ ಯಂತ್ರದ ಹಿಂದೆ ಬಗ್ಗಿ ನೋಡಿದಳು. ರಿಪೇರಿಗೆಂದು ಪರೀಕ್ಷೆಯ ಪೆಟ್ಟಿಗೆಗೆ ಜೋಡಿಸಿದ್ದ ಕೇಬಲ್ಲನ್ನು ಆಂಟೆನಾಕ್ಕೆ ಮರಳಿ ಹಾಕುವುದನ್ನೇ ಅವಳು ಮರೆತಿದ್ದಳು. ಸದ್ದು ಈ ಕೋಣೆ ದಾಟಿರಲಿಲ್ಲ. "ತಪ್ಪು ನಂದೇರಿ ಅಕ್ಕಾ" ಎಂದು ಯಂತ್ರ ಆರಿಸಿ, ಕೇಬಲ್ ಬದಲಿಸಿ, ಮತ್ತೆ ಸ್ವಿಚ್ ಒತ್ತಿದಳು.

ಬೀದಿಯ ಹಾರ್ನು, ನಾಯಿ, ಜಗಳ ಎಲ್ಲ ಒಮ್ಮೆಗೇ ಒಳನುಗ್ಗಿದವು. ಗೌರವ್ವನ ಫೋನ್ ರಿಂಗಾಯಿತು. ಅತ್ತ ಅಳಿಯ ತನ್ನ ಫೋನನ್ನು ಡಾಕ್ಟರ ಯಂತ್ರಕ್ಕೆ ಹಿಡಿದಿದ್ದ. ಕುದುರೆ ಓಡಿದಂತೆ ಟಕಟಕ ಸದ್ದೊಂದೇ.

ನಿಯಮದಂತೆ ಗೌರವ್ವ ಮೊದಲು ನಿಲಯದ ಹೆಸರು ಹೇಳಬೇಕಿತ್ತು. ಅದರ ಬದಲು ಅವಳು ಫೋನನ್ನು ಮೈಕಿಗೆ ಹಿಡಿದಳು. ಅಂಗಡಿಗಳ ರೇಡಿಯೋದಲ್ಲಿ ಆ ಟಕಟಕ ಕೇಳುತ್ತಲೇ ಬೀದಿಯ ಜಗಳ ನಿಂತಿತು.