ತೇಜಸ್ವಿನಿಯ ಕಾವಲು

ಆಷಾಢದ ಕೊನೆಯ ಶನಿವಾರ, ಇನ್ನೂ ಬೆಳಕು ಹರಿಯದ ಹೊತ್ತು. ನೀಲಮ್ಮ ಬಚ್ಚಲಿನಿಂದ ಬರುವಷ್ಟರಲ್ಲಿ ಪಕ್ಕದ ಮಂಚ ಬರಿದಾಗಿತ್ತು.

ಅವರು ಚಪ್ಪಲಿ ಹುಡುಕಲಿಲ್ಲ. ಬಿದಿರುಮೆಳೆ ದಾಟಿ ನೇರ ಹೊಳೆಯ ಕಡೆಗೆ ಓಡಿದರು. ಕಪಿಲೆ ಕೆಂಪಾಗಿ, ದಡ ಮುಟ್ಟಿ ಹರಿಯುತ್ತಿದ್ದಳು. ಯಾವ ಮೆಟ್ಟಿಲು ಜಾರುತ್ತದೆ, ಎಲ್ಲಿ ಮಡು, ಎಲ್ಲಿ ಸೆಳವು, ಎಲ್ಲ ಅವರಿಗೆ ಗೊತ್ತಿತ್ತು. ಬಂದ ದಿನವೇ ತೋಟದವನನ್ನು ಕೇಳಿ ತಿಳಿದುಕೊಂಡಿದ್ದರು.

ಹುಡುಗಿ ಕೊನೆಯ ಮೆಟ್ಟಿಲಲ್ಲಿದ್ದಳು. ಪಾದ ಮುಳುಗಿತ್ತು. ಬಗ್ಗಿ ನೀರನ್ನೇ ನೋಡುತ್ತಿದ್ದಳು. ನೀಲಮ್ಮ ಹಿಂದಿನಿಂದ ರಟ್ಟೆ ಹಿಡಿದರು. ತಿರುಗಿದವಳು ಅವರ ಮುಖವನ್ನೇ ದಿಟ್ಟಿಸಿ, ಅವರ ಸೆರಗು ಹಿಡಿದುಕೊಂಡಳು.

"ಎಲ್ಲಿಗೆ ಹೊರಟಿದ್ಯೇ?"

"ಎಲ್ಲಿಗೂ ಇಲ್ಲ ಆಂಟಿ. ಸುಮ್ನೆ... ನೀರು ನೋಡೋಕೆ."

"ಬರಿಗಾಲಲ್ಲಿ?"

"ನಿಮ್ ಕಾಲಲ್ಲೂ ಚಪ್ಪಲಿ ಇಲ್ವಲ್ಲ!"

"ಎದುರುತ್ತರ ಸಾಕು, ನಡಿ ಮೇಲೆ."

"ನೀವು ಹತ್ತಿ. ನೀವು ಹತ್ತಿದ್ಮೇಲೇನೇ ನಾನು."

ಮೊಂಡು ಹುಡುಗಿ. ಹಿಡಿದ ಕೈ ಬಿಡದೆ ಇಬ್ಬರೂ ಒಟ್ಟಿಗೇ ಹತ್ತಿದರು.

ನಂಜನಗೂಡು ರಸ್ತೆಯಿಂದ ಒಳಗೆ, ಹೊಳೆದಂಡೆಯಲ್ಲಿದ್ದ ಆ ವಿಶ್ರಾಂತಿಧಾಮಕ್ಕೆ ವಾರಕ್ಕೊಂದು ಗುಂಪು ಬರುತ್ತಿತ್ತು. ಹೋದ ವಾರ ಯೋಗದವರು, ಮುಂದಿನ ವಾರ ಬ್ಯಾಂಕಿನವರು. ಈ ವಾರ ಮನೆಯವರನ್ನು ಕಳೆದುಕೊಂಡವರು. ಈ ಹುಡುಗಿ ಕುವೆಂಪುನಗರದ ತೇಜಸ್ವಿನಿ; ಅವಳ ಗಂಡ ಬೈಕಿನಲ್ಲಿ ಹೋದವನು ಹಿಂದಿರುಗಿರಲಿಲ್ಲ. ಒಂಟಿಕೊಪ್ಪಲಿನ ನೀಲಮ್ಮನ ಯಜಮಾನರು ತೀರಿಕೊಂಡಿದ್ದೂ ಅದೇ ವರ್ಷ. ಆದರೆ ಅವರು ಅತ್ತಿದ್ದನ್ನು ಯಾರೂ ಕಂಡಿರಲಿಲ್ಲ. "ನಮ್ಮಕ್ಕ ಗಟ್ಟಿಗಿತ್ತಿ" ಎಂದೇ ತಮ್ಮ ವಿಶ್ವನಾಥ್ ಶುಕ್ರವಾರ ಕಾರಿನಲ್ಲಿ ತಂದು ಬಿಟ್ಟು ಹೋಗಿದ್ದ. ಅವರ ಚೀಲದಲ್ಲಿ ಬದಲಿಗೆಂದು ಒಂದು ಸೀರೆಯೂ ಇರಲಿಲ್ಲ.

ಅಂದು ಸಂಜೆಯೇ ಧಾಮ ನಡೆಸುವ ನಾಗಮಣಿ ಅವರನ್ನು ಪಕ್ಕಕ್ಕೆ ಕರೆದಿದ್ದರು. "ಆ ಹುಡುಗಿ ನೀರಿನ ಕಡೆ ನೋಡೋದು ನಂಗೆ ಸರಿಕಾಣ್ತಿಲ್ಲ ಕಣ್ರೀ. ನಿಮ್ ಕೋಣೆಯಲ್ಲೇ ಹಾಕಿದೀನಿ. ಮನೆಗೆ ಹೋಗೋವರ್ಗೂ ಅವಳ ಜೀವ ನಿಮ್ ಕೈಲಿ. ಅವಳಿಗೆ ಮಾತ್ರ ಗೊತ್ತಾಗ್ಬಾರ್ದು."

ನೀಲಮ್ಮ ಒಲ್ಲೆ ಎನ್ನಲು ಬಾಯಿ ತೆರೆದಿದ್ದರು. ನಾಗಮಣಿ ಆಗಲೇ ಅಡುಗೆಮನೆಗೆ ಹೋಗಿಬಿಟ್ಟಿದ್ದರು.

ಆಗಿನಿಂದ ನೀಲಮ್ಮನಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಭಜನೆಗೆ ಕಣ್ಣು ಮುಚ್ಚಿದರೆ ನಡುವೆ ಒಂದು ಕಣ್ಣು ತೆರೆಯುವುದು. ಹುಡುಗಿಯದೂ ತೆರೆದೇ ಇರುತ್ತಿತ್ತು.

"ಇದೇನಾಂಟಿ, ಬಾಲದ ಥರ ಹಿಂದೇನೇ ಬರ್ತೀರಾ?"

"ಬಾಲ ಇರೋದಕ್ಕೇ ಹಸು ನೊಣದ ಕಾಟ ತಡ್ಕೊಂಡಿರೋದು ಕಣಮ್ಮ."

ತಿಂಡಿಗೆ ಕೂತರೆ ಅವಳು ತಟ್ಟೆ ಮುಟ್ಟಳು. "ನೀವು ಎರಡು ಇಡ್ಲಿ ತಿಂದ್ರೆ ನಾನೂ ಎರಡು."

"ಪಂದ್ಯ ಕಟ್ತೀಯೇನೇ ನನ್ಹತ್ರ?"

"ಹೂಂ. ಸೋತೋರಿಗೆ ಇನ್ನೊಂದು."

ಎಷ್ಟೋ ತಿಂಗಳಿಂದ ಬರಿ ಕಾಫಿಯಲ್ಲಿ ಕಾಲ ಹಾಕಿದ್ದ ನೀಲಮ್ಮ, ಹುಡುಗಿಗಾಗಿ ಎರಡನ್ನೂ ನುಂಗಿದರು. ಹುಡುಗಿಯ ತಟ್ಟೆ ಮೊದಲೇ ಖಾಲಿಯಾಗಿತ್ತು, ಸೋತದ್ದೂ ಅವರೇ.

ಮಲಗುವ ಮುಂಚೆ ತಮ್ಮ ಸೆರಗಿನ ತುದಿಯನ್ನು ಅವಳ ಮಣಿಕಟ್ಟಿಗೆ ಗಂಟು ಹಾಕಿದರು. ಬೈಯುತ್ತಾಳೆಂದುಕೊಂಡಿದ್ದರು. "ಬಿಗಿಯಾಗೇ ಕಟ್ಬುಡಿ ಆಂಟಿ," ಎಂದಳು, "ನಂಗೂ ನಿದ್ದೆ ಬರುತ್ತೆ."

ಭಾನುವಾರ ಸಂಜೆ ಅವಳಣ್ಣ ಬಂದು ಕರೆದುಕೊಂಡು ಹೋದ. ಗೇಟಿನಲ್ಲಿ ಹುಡುಗಿ ನೀಲಮ್ಮನ ಎರಡೂ ಕೈ ಹಿಡಿದು, "ಬುಧವಾರ ಮನೆಗೆ ಬರ್ತೀನಿ. ಉಪ್ಪಿಟ್ಟು ಮಾಡಿಟ್ಟಿರ್ಬೇಕು, ನೆಪ ಹೇಳ್ಬಾರ್ದು," ಎಂದು ಮಾತು ತೆಗೆದುಕೊಂಡೇ ಹೊರಟಳು.

ಮರುದಿನ ವಿಶ್ವನಾಥನ ಕಾರು ಬಂದಾಗ ನೀಲಮ್ಮ ನಾಗಮಣಿಯ ಮುಂದೆ ನಿಂತರು. "ನೀವು ಒಪ್ಪಿಸಿದ್ದನ್ನ ಉಳಿಸಿಕೊಟ್ಟಿದೀನಿ ಕಣ್ರೀ. ಹುಡುಗಿ ಬದುಕ್ಕೊಂಡ್ಲು."

"ನಿನ್ನೆ ಹೋಗ್ತಾ ಅವಳೂ ನಿಮ್ ವಿಷ್ಯ ಇದನ್ನೇ ಹೇಳಿದ್ಲು," ಎಂದರು ನಾಗಮಣಿ. "ಶನಿವಾರ ನಿಮ್ ಮಂಚ ಖಾಲಿ ಇತ್ತಂತೆ. ಹೊಳೇಲಿ ಹುಡುಕ್ತಿದ್ಲಂತೆ, ಪಾಪ. ಇಲ್ಲಿ ಒಬ್ಬರ ಜೀವ ಇನ್ನೊಬ್ಬರಿಗೆ ಒಪ್ಪಿಸೋದು ನಮ್ ಪದ್ಧತಿ. ಕಾಯೋ ಕೆಲ್ಸ ಇರೋರು ನೀರಿಗಿಳಿಯಲ್ಲ."

ಶುಕ್ರವಾರ ಸಾಯಲೆಂದೇ ಬಂದಿದ್ದ ನೀಲಮ್ಮ, ಸೋಮವಾರ ಮನೆಗೆ ಹೊರಟರು.