ಬಾಣಂತಿ ಕೋಣೆಯ ಗೋಡೆ

ಸರ್ಕಾರದ ಕಡ್ಡಾಯ ಲೆವಿಗೆ ಕೊಟ್ಟರೆ ನೂರು ಸೇರಿನ ಪಲ್ಲಕ್ಕೆ ನಲವತ್ತು ರೂಪಾಯಿ, ಬೇಸಿಗೆಯವರೆಗೆ ಕಾದು ಗುಟ್ಟಾಗಿ ಮಾರಿದರೆ ಎಂಬತ್ತು. ಅರವತ್ತಾರನೇ ಇಸವಿಯಲ್ಲಿ ನಂದಗುಡಿಯ ಮುನಿವೆಂಕಟಪ್ಪ ಈ ಲೆಕ್ಕ ಹಾಕಿಯೇ ಹತ್ತು ಪಲ್ಲ ರಾಗಿಯನ್ನು ತನ್ನದೇ ಆದ ಪಕ್ಕದ ಮನೆಯ ನೆಲದಡಿಯ ಹಗೇವಿಗೆ ಸುರಿದ. ಬಾಯಿಗೆ ಚಪ್ಪಡಿ ಎಳೆದು, ಮೇಲೆ ಸಗಣಿ ಸಾರಿಸಿ, ಆ ಮನೆಯನ್ನು ಆದಿನಾರಾಯಣಪ್ಪ ಮೇಷ್ಟ್ರಿಗೆ ಬಾಡಿಗೆಗೆ ಕೊಟ್ಟ. ಸರ್ಕಾರಿ ಮೇಷ್ಟ್ರ ಮನೆ ನೆಲವನ್ನು ಯಾವ ಅಧಿಕಾರಿ ಅಗೆಸುತ್ತಾನೆ? ಹೆಂಡತಿ ದ್ಯಾವಮ್ಮನಿಗೂ ಹೇಳಲಿಲ್ಲ. ಅವಳ ಬಾಯಲ್ಲಿ ಎಳ್ಳುಕಾಳು ನೆನೆಯದು.

ಈಗ ಮೇಷ್ಟ್ರು ಒಳಗೆ ಕರೆದು ಬಾಣಂತಿ ಕೋಣೆಯ ಗೋಡೆ ತೋರಿಸಿದರು. ಮೊಣಕಾಲೆತ್ತರಕ್ಕೆ ಹಸಿರು ಬೂಷ್ಟು ಹತ್ತಿತ್ತು. ತೊಟ್ಟಿಲ ಕೆಳಗೆ ನೆಲ ಬೆವರಿತ್ತು.

"ಎರಡು ಸಲ ಸುಣ್ಣ ಹೊಡೆಸಿದ್ದಾಯ್ತು. ಮಳೆಯಿಲ್ಲ, ಏನಿಲ್ಲ, ಎಲ್ಲಿಂದ ಬರುತ್ತೋ ಥಂಡಿ. ಮಗು ಕೆಮ್ತಾ ಇದೆ. ನೆಲ ಅಗೆದು ನೋಡೋಣ."

"ಅಗೆಯೋದು ಬೇಡ ಮೇಷ್ಟ್ರೇ, ಪಾಯ ಸಡಿಲ ಆಗುತ್ತೆ. ತೊಟ್ಟಿಲು ನಮ್ಮ ಪಡಸಾಲೆಗೆ ತನ್ನಿ."

ಗೋಡೆಯಾಚೆ ಬಚ್ಚಲಲ್ಲಿ ನೀರು ಧಬಧಬ ಬೀಳುತ್ತಿತ್ತು. ಮೇಷ್ಟ್ರ ಹೆಂಡತಿ ವರಲಕ್ಷ್ಮಮ್ಮನಿಗೆ ತಾಯಿಯಿಲ್ಲ. ಬಾಣಂತಿಗೆ ದಿನಾ ಹಂಡೆಗಟ್ಟಲೆ ಎರೆಯುತ್ತಿದ್ದವಳು ದ್ಯಾವಮ್ಮನೇ. ಮುನಿವೆಂಕಟಪ್ಪ ಹಿತ್ತಲಿಗೆ ಓಡಿ ಬಚ್ಚಲ ತೂಬು ನೋಡಿದ. ಒಂದು ಹನಿ ಹೊರಗೆ ಬರುತ್ತಿರಲಿಲ್ಲ. ಅಷ್ಟೂ ನೀರು ಎಲ್ಲಿ ಇಳಿಯುತ್ತಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಸಾಕು ನಿಲ್ಸೇ. ನಾಲ್ಕು ಚೊಂಬು ಹುಯ್ದರೆ ಆಗಲ್ವಾ?" ಎಂದು ಹೊರಗಿನಿಂದಲೇ ಕೂಗಿದ.

"ಬಾಣಂತಿಗೆ ನೀರು ಅಳೆದು ಹುಯ್ತಾರೇನಯ್ಯ? ಸೌದೆ ಮೇಷ್ಟ್ರದು, ನೀರು ಬಾವೀದು, ರೆಟ್ಟೆ ನಂದು. ನಿನ್ನ ಗಂಟೇನು ಹೋಗುತ್ತೆ?"

ಒಳಗೆ ಬಾಣಂತಿ ಕಿಸಕ್ಕೆಂದು ನಕ್ಕಳು. ಮುನಿವೆಂಕಟಪ್ಪ ಜಗಲಿಯ ಮೇಲೆ ಕುಸಿದು ಕೂತ. ಲೆವಿಯವರ ಜೀಪು ಚಾವಡಿ ಮುಂದೆಯೇ ನಿಂತಿತ್ತು, ಮನೆಮನೆ ಹೊಕ್ಕು ನೋಡುತ್ತಿದ್ದರು. ರಾಗಿ ತೆಗೆದರೆ ಸಿಕ್ಕಿಬೀಳಬೇಕು, ಬಿಟ್ಟರೆ ಕೊಳೆಯಬೇಕು. ಹೆಂಡತಿಗೆ ಹೇಳಿದರೆ ಸಂಜೆಯೊಳಗೆ ಊರಿಗೇ ಗೊತ್ತು. ಒಳಗೆ ಚೊಂಬು ಹಂಡೆಗೆ ತಗುಲುತ್ತಲೇ ಇತ್ತು.

ವಾರ ಕಳೆದು ಜೀಪು ಹೊಸಕೋಟೆ ದಾರಿ ಹಿಡಿದ ಮಧ್ಯಾಹ್ನವೇ ಅವನು ಹಾರೆ ಹಿಡಿದು ಬಂದ. ಚಪ್ಪಡಿ ಸರಿದದ್ದೇ ತಡ, ಹುಳಿತ ಹೆಂಡದಂಥ ವಾಸನೆ ಮುಖಕ್ಕೆ ಬಡಿಯಿತು. ಮೇಷ್ಟ್ರು ಮೂಗಿಗೆ ಪಂಚೆ ಒತ್ತಿಕೊಂಡು ಹಿಂದೆ ಸರಿದರು. ರಾಗಿಯೆಲ್ಲ ಕಪ್ಪು ಹೆಂಟೆಯಾಗಿ, ಅದರ ಮೇಲೆ ಬೆಕ್ಕಿನ ತುಪ್ಪಳದಂತೆ ಬಿಳಿ ಬೂಷ್ಟು ಬೆಳೆದಿತ್ತು.

ದ್ಯಾವಮ್ಮ ಬಗ್ಗಿ ನೋಡಿದಳು.

"ಒಂದು ಮಾತು ಹೇಳಿದ್ದಿದ್ರೆ, ಹಿತ್ತಲಲ್ಲಿ ತೆಂಗಿನ ಗರಿ ಮರೆ ಕಟ್ಟಿ ಅಲ್ಲೇ ಎರೀತಿದ್ದೆ ಕಣಯ್ಯ," ಎಂದಳು.

ಮುನಿವೆಂಕಟಪ್ಪ ಮೇಲಿನದೊಂದು ಹೆಂಟೆ ಒಡೆದು, ಹೊರಗೆ ಕಟ್ಟಿದ್ದ ಎಮ್ಮೆಯ ಮುಂದೆ ಬೊಗಸೆಯಲ್ಲಿ ಹಿಡಿದ. ಅದು ಮೂಸಿ, ಮುಖ ತಿರುಗಿಸಿತು. ಹತ್ತು ಪಲ್ಲದಲ್ಲಿ ಒಂದು ಸೇರೂ ದಕ್ಕಲಿಲ್ಲ.